ಕಾರ್ಯಕ್ರಮ ಹಂಚುವ ಆಪ್: ಮೊದಲು ಏನು ಕಟ್ಟೋಣ?

ಊರಿನ ಕಾರ್ಯಕ್ರಮಗಳ ಮಾಹಿತಿ ಹಂಚಿಕೊಳ್ಳಲು ವೆಬ್ ಆಪ್ ಮಾಡುತ್ತಿರುವವರಿಂದ ಈ ಸಲ ಜಾಸ್ತಿ ಪತ್ರಗಳು ಬಂದಿವೆ. ಕೇಳಿರುವುದು ಬೇರೆ ಬೇರೆ ಥರ, ತಲೆನೋವು ಮಾತ್ರ ಒಂದೇ: ಮಾಡಬೇಕಾದ್ದು ರಾಶಿ ಇದೆ, ಮಾಡುವ ಕೈ ಕಮ್ಮಿ. ಅದಕ್ಕೇ ಈ ಸಂಚಿಕೆಯ ಅಂಕಣ ಪೂರ್ತಿ ಈ ವಿಷಯಕ್ಕೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಕರಾವಳಿಯ ಕಾರ್ಯಕ್ರಮಗಳ ವೆಬ್ ಆಪ್ ಕಟ್ಟುತ್ತಿದ್ದೇವೆ. ಯಕ್ಷಗಾನ, ನಾಟಕ, ಭಜನೆ, ಕ್ರಿಕೆಟ್ ಪಂದ್ಯ ಎಲ್ಲ ಇರಬೇಕು. ಲಾಗಿನ್, ಮ್ಯಾಪ್, ಚಾಟ್, ಫೋಟೊ ಗ್ಯಾಲರಿ, ರೇಟಿಂಗ್, ಟಿಕೆಟ್, ನೋಟಿಫಿಕೇಶನ್, 'ನಾನೂ ಬರ್ತೀನಿ' ಬಟನ್, ಲೈವ್ ವಿಡಿಯೊ ಎಂದು ಪಟ್ಟಿ ಬೆಳೆಯುತ್ತಲೇ ಇದೆ. ದೀಪಾವಳಿ ಹೊತ್ತಿಗೆ ಬಿಡಬೇಕು. ಒಬ್ಬೊಬ್ಬರದು ಒಂದೊಂದು ಹಟ. ಯಾವುದು ಮೊದಲು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಉಡುಪಿ

ಉತ್ತರ: ದೀಪಾವಳಿ ಅಂದಿದ್ದು ಒಳ್ಳೇದಾಯಿತು. ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುವುದೇ ಆ ಸುಮಾರಿಗೆ, ಮುಗಿಯುವುದು ಮೇ ಕೊನೆಯ ವಾರ, ತುಳುನಾಡಿನ ಪತ್ತನಾಜೆ ದಿನ. ಅಂದರೆ ನಿಮಗೆ ಸುಮಾರು ಆರು ತಿಂಗಳ ಒಂದು ಸೀಸನ್ ಇದೆ, ಪ್ರತಿ ರಾತ್ರಿ 'ಇವತ್ತು ಎಲ್ಲಿ ಆಟ?' ಎಂದು ಕೇಳುವ ಜನ ಆಗಲೇ ಇದ್ದಾರೆ. ಹಾಗಿದ್ದ ಮೇಲೆ ಮೊದಲ ಸೀಸನ್‌ನಲ್ಲಿ ಯಕ್ಷಗಾನ ಮಾತ್ರ ಇಟ್ಟುಕೊಳ್ಳಿ. ಭಜನೆ, ಕ್ರಿಕೆಟ್ ಸದ್ಯಕ್ಕೆ ಬೇಡ. ಕಾರ್ಯಕ್ರಮದ ಪಟ್ಟಿ ಅರೆಬರೆ ಇದ್ದರೆ ಉಪಯೋಗವಿಲ್ಲ. ಪಕ್ಕದ ಊರಲ್ಲಿ ಚೆಂಡೆ ಕೇಳಿಸುತ್ತಿದೆ, ನಿಮ್ಮ ಆಪ್‌ನಲ್ಲಿ ಮಾತ್ರ ಅದು ಇಲ್ಲ ಅಂತಾದರೆ ಆ ಮನುಷ್ಯ ಇನ್ನೊಂದು ಸಲ ನಿಮ್ಮ ಲಿಂಕ್ ಒತ್ತುವುದಿಲ್ಲ. ಎಲ್ಲ ಬಗೆಯ ಕಾರ್ಯಕ್ರಮ ಸ್ವಲ್ಪ ಸ್ವಲ್ಪ ಇರುವುದಕ್ಕಿಂತ ಒಂದು ಬಗೆ ಪೂರ್ತಿ ಇರಲಿ.

ಈಗ ನಿಮ್ಮ ಪಟ್ಟಿ ಇನ್ನೊಮ್ಮೆ ಓದಿ. ಅದರಲ್ಲಿರುವುದೆಲ್ಲ ಹೆಚ್ಚುಕಡಿಮೆ ನೋಡುವವರಿಗೆ. ಹಾಕುವವರಿಗೆ ಏನಿದೆ? ಕಾರ್ಯಕ್ರಮದ ಮಾಹಿತಿ ತಾನಾಗೇ ಬಂದು ಕೂರುವುದಿಲ್ಲ ಅಲ್ವಾ. ಅದನ್ನು ಯಾರೋ ಒಬ್ಬರು, ಮೇಳದ ಮ್ಯಾನೇಜರೋ, ಹರಕೆ ಆಟ ಆಡಿಸುವ ಮನೆಯವರೋ, ಯುವಕ ಮಂಡಲದ ಕಾರ್ಯದರ್ಶಿಯೋ, ಚಪ್ಪರ, ಊಟ, ಮೈಕ್ ಎಂದು ಓಡಾಡುವ ಗಡಿಬಿಡಿಯಲ್ಲಿ ಫೋನಿನಲ್ಲಿ ಒಂದೇ ಬೆರಳಲ್ಲಿ ತುಂಬಬೇಕು. ಅವರಿಗೆ ಸುಲಭವಾಗದಿದ್ದರೆ ನೋಡುವವರಿಗೆ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಆದ್ದರಿಂದ ನನ್ನ ಲೆಕ್ಕದಲ್ಲಿ ನಂಬರ್ ಒಂದು, ಹಾಕುವ ಫಾರ್ಮ್. ಪೋಸ್ಟರ್, ದಿನ, ಶುರುವಾಗುವ ಹೊತ್ತು, ಜಾಗ, ಮೇಳದ ಹೆಸರು. ಪ್ರಸಂಗ ಗೊತ್ತಿದ್ದರೆ ಹಾಕಲಿ, ಇಲ್ಲದಿದ್ದರೆ ಆಮೇಲೆ. ಇಷ್ಟೇ. ಇಮೇಲ್ ಕಡ್ಡಾಯ, ಪಿನ್‌ಕೋಡ್ ಕಡ್ಡಾಯ ಅಂತೆಲ್ಲ ಕೆಂಪು ನಕ್ಷತ್ರ ಹಚ್ಚಬೇಡಿ.

ಪೋಸ್ಟರ್ ಒಂದೇ ಸಾಕು ಅಂತಲೂ ಬಿಡಬೇಡಿ. ಅದು ಚಿತ್ರ. ಒಳಗಿನ ಅಕ್ಷರ ಹುಡುಕಿದರೆ ಸಿಗುವುದಿಲ್ಲ. ಕೆಲವರು ಡಿಟಿಪಿ ಅಂಗಡಿಯಿಂದ ಪಠ್ಯವನ್ನೇ ತಂದು ಅಂಟಿಸುತ್ತಾರೆ. ಅದು ಹಳೆಯ ನುಡಿ ಫಾಂಟಿನದಾಗಿದ್ದರೆ ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಲ್ಲ, ನಿಮ್ಮ ಪುಟದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಪರಿವರ್ತಿಸುವ ಉಪಕರಣಗಳು ಇವೆ, ಒಂದನ್ನು ಜೋಡಿಸಿಕೊಳ್ಳಿ. ಮೊದಲ ದಿನವೇ ಬೇಕಿಲ್ಲ, ಮೊದಲ ತಿಂಗಳಲ್ಲಿ ಬೇಕು.

ನಂಬರ್ ಎರಡು, ಬದಲಾವಣೆ. ನಿಮ್ಮ ಪಟ್ಟಿಯಲ್ಲಿ ಇದರ ಸುದ್ದಿಯೇ ಇಲ್ಲ! ಪ್ರಸಂಗ ಬದಲಾಗುತ್ತದೆ, ಮಳೆ ಬಂದು ಬಯಲಿನಿಂದ ಸಭಾಭವನಕ್ಕೆ ಹೋಗುತ್ತದೆ, ಆಟವೇ ನಿಂತುಹೋಗುತ್ತದೆ. ಹಾಕಿದವರು ಎರಡು ಒತ್ತಿನಲ್ಲಿ ತಿದ್ದುವಂತಿರಬೇಕು. ಪುಟದಲ್ಲಿ 'ಕೊನೆಯ ಸಲ ಖಚಿತಪಡಿಸಿದ್ದು ಯಾವಾಗ' ಎಂದು ಕಾಣಬೇಕು. ರದ್ದಾದ ಆಟವನ್ನು ದಯವಿಟ್ಟು ಅಳಿಸಬೇಡಿ. ಆ ಲಿಂಕ್ ಆಗಲೇ ಹತ್ತಾರು ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿರುತ್ತದೆ. ಅಳಿಸಿದರೆ ಪುಟ ತೆರೆಯುವುದಿಲ್ಲ, ಜನ ನೆಟ್ ಸರಿಯಿಲ್ಲ ಅಂದುಕೊಂಡು ಬೈಕ್ ಹತ್ತಿ ಗದ್ದೆಗೆ ಹೋಗಿ ಕತ್ತಲಲ್ಲಿ ನಿಲ್ಲುತ್ತಾರೆ. ಅದೇ ಲಿಂಕ್, ಅದೇ ಪುಟ, ಮೇಲೆ ದೊಡ್ಡದಾಗಿ 'ರದ್ದಾಗಿದೆ' ಎಂದಿರಲಿ.

ಮೂರನೆಯದು ಫೀಚರ್ ಅಲ್ಲ, ತೀರ್ಮಾನ. ಆಮೇಲೆ ಬದಲಿಸಲು ಕಷ್ಟವಾಗುವುದನ್ನು ಈಗಲೇ ಸರಿಯಾಗಿ ಮಾಡಿಟ್ಟುಕೊಳ್ಳಿ. ಈಗ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಿವೆ, ಆದರೂ ರಾತ್ರಿ ಶುರುವಾಗಿ ಬೆಳಗಿನವರೆಗೆ ನಡೆಯುವ ಆಟ ಇದ್ದೇ ಇದೆ. ರಾತ್ರಿ ಒಂದು ಗಂಟೆಗೆ ಒಬ್ಬ ಆಪ್ ತೆರೆದು 'ಇಂದು' ಒತ್ತಿದರೆ ಏನು ಕಾಣಬೇಕು? ಗಡಿಯಾರದ ಪ್ರಕಾರ ದಿನಾಂಕ ಬದಲಾಗಿದೆ, ಅವನ ಲೆಕ್ಕದಲ್ಲಿ ಇನ್ನೂ ಇವತ್ತೇ. ನಡೆಯುತ್ತಿರುವ ಆಟ ಕಾಣದೆ ಮುಂದಿನ ರಾತ್ರಿಯದು ಕಂಡರೆ ತಪ್ಪು ನಿಮ್ಮದು. ದಿನ ಬೆಳಿಗ್ಗೆ ಆರಕ್ಕೆ ಬದಲಾಗುತ್ತದೆ ಎಂದು ಇಟ್ಟುಕೊಳ್ಳಿ, ಶುರುವಿನ ಮತ್ತು ಮುಗಿಯುವ ಹೊತ್ತನ್ನು ದಿನಾಂಕದ ಜೊತೆ ಬೇರೆ ಬೇರೆ ಉಳಿಸಿ. ಜಾಗವೂ ಹಾಗೇ. 'ಶಾಲೆ ಪಕ್ಕದ ಗದ್ದೆ' ಎಂಬ ವಿಳಾಸ ಊರವರಿಗೆ ಸಾಕು, ಹೊರಗಿನವರಿಗೆ ಸಾಲದು. ಬರಹದ ಜೊತೆ ಮ್ಯಾಪಿನ ಒಂದು ಚುಕ್ಕಿಯೂ ಇರಲಿ. ಮ್ಯಾಪನ್ನು ಪುಟದೊಳಗೇ ಕೂರಿಸುವ ಸಾಹಸ ಬೇಡ, ಒತ್ತಿದರೆ ಫೋನಿನ ಮ್ಯಾಪ್ ತೆರೆದರೆ ಸಾಕು.

ಕೈಬಿಡಬೇಕಾದ್ದು: ಚಾಟ್, ಲೈವ್ ವಿಡಿಯೊ, ಟಿಕೆಟ್, ರೇಟಿಂಗ್. ಚಾಟಿಗೆ ವಾಟ್ಸ್‌ಆ್ಯಪ್ ಇದೆ, ಲೈವ್‌ಗೆ ಯೂಟ್ಯೂಬ್ ಇದೆ, ಬಯಲಾಟಕ್ಕೆ ಟಿಕೆಟ್ಟೇ ಇಲ್ಲ. ರೇಟಿಂಗಂತೂ ಬೇಡವೇ ಬೇಡ. ಯಾರೋ ಹರಕೆ ಹೊತ್ತು ಆಡಿಸಿದ ಆಟಕ್ಕೆ ಇನ್ಯಾರೋ ಬಂದು ಎರಡು ಸ್ಟಾರ್ ಕೊಟ್ಟು ಹೋದರೆ ಮರುದಿನ ನಿಮಗೆ ಬರುವ ಫೋನುಗಳಿಗೆ ಉತ್ತರ ಕೊಡುವವರು ಯಾರು? 'ನಾನೂ ಬರ್ತೀನಿ' ಬಟನ್ನೂ ಇಲ್ಲಿ ದಂಡ. ಬಯಲಾಟಕ್ಕೆ ಬರುವವರ ತಲೆ ಎಣಿಸಿ ಯಾರಿಗೇನಾಗಬೇಕು?

ಒಂದು ಸಾಲು ಕೋಡ್ ಬರೆಯುವ ಮೊದಲು ಒಂದು ವಾರ ಇದನ್ನು ಕೈಯಲ್ಲೇ ನಡೆಸಿ ನೋಡಿ. ಎಲ್ಲರಿಗೂ ಕಾಣುವ ಒಂದು ಗೂಗಲ್ ಶೀಟ್, ದಿನಾ ಸಂಜೆ ನೀವೇ ಫೋನ್ ಮಾಡಿ ತುಂಬಿಸಿ. ಯಾವ ಕಾಲಂ ಖಾಲಿ ಉಳಿಯುತ್ತದೆ, ಜನ ಯಾವುದನ್ನು ಮತ್ತೆ ಮತ್ತೆ ಕೇಳುತ್ತಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ನಾಲ್ವರ ಹಟವೂ ಅಲ್ಲಿಗೆ ಇಳಿಯುತ್ತದೆ.

ಪ್ರಶ್ನೆ: ವೆಬ್ ಆಪ್ ಸಾಕಾ, ಪ್ಲೇಸ್ಟೋರಿಗೂ ಹಾಕಬೇಕಾ?
— ಹಾಸನದ ಓದುಗರು

ಉತ್ತರ: ವೆಬ್ ಸಾಕು. ಒಂದು ಸಂಜೆಯ ಕಾರ್ಯಕ್ರಮ ನೋಡಲು ಯಾರೂ ಆಪ್ ಇಳಿಸಿಕೊಳ್ಳುವುದಿಲ್ಲ. ಆದರೆ ಒಂದು ಮಾತು. ಲಿಂಕ್ ಕಳಿಸಿದಾಗ ವಾಟ್ಸ್‌ಆ್ಯಪ್‌ನಲ್ಲಿ ಹೆಸರು, ಚಿತ್ರ, ದಿನಾಂಕ ಕಾಣುವ ಸಣ್ಣ ಚೌಕ ಬರುತ್ತದಲ್ಲ, ಅದು ಬರಲೇಬೇಕು. ಅದಕ್ಕೆ ಬೇಕಾದ್ದು ಓಪನ್ ಗ್ರಾಫ್ ಟ್ಯಾಗ್‌ಗಳು, ಅಂದರೆ ಪುಟದ ಹೆಸರು, ಚಿತ್ರ ಇಂಥದ್ದು ಎಂದು ಹೇಳುವ ಸಾಲುಗಳು, 2010ರಲ್ಲಿ ಫೇಸ್‌ಬುಕ್ ತಂದಿದ್ದು. ಆ ಚೌಕ ಮಾಡುವ ಯಂತ್ರ ನಿಮ್ಮ ಜಾವಾಸ್ಕ್ರಿಪ್ಟ್ ಓಡಿಸಿ ನೋಡುವುದಿಲ್ಲ, ಸರ್ವರ್ ಕೊಟ್ಟ ಪುಟದಲ್ಲಿ ಇದ್ದದ್ದನ್ನಷ್ಟೇ ಓದುತ್ತದೆ. ಇಡೀ ಪುಟ ಬ್ರೌಸರ್‌ನಲ್ಲೇ ತಯಾರಾಗುವ ಹಾಗೆ ಕಟ್ಟಿದ್ದರೆ ಚೌಕ ಖಾಲಿ. ನಿಮ್ಮ ಕಾರ್ಯಕ್ರಮ ಹೆಚ್ಚಿನವರಿಗೆ ಕಾಣುವುದು ಆ ಚೌಕದಲ್ಲೇ, ಪುಟದ ಬಣ್ಣ ಆಮೇಲಿನ ಮಾತು.

ಪ್ರಶ್ನೆ: ನಮ್ಮದು ಸಣ್ಣ ಕಂಪನಿ, ನಗರದ ನಾಟಕ, ಸಂಗೀತ ಕಾರ್ಯಕ್ರಮಗಳ ಸೈಟ್ ಮಾಡುತ್ತಿದ್ದೇವೆ. ಮಾಸ್ಕೊ ಪದ್ಧತಿಯಲ್ಲಿ ಪಟ್ಟಿ ಮಾಡಿದೆವು. ಸಾಹೇಬರು ಎಲ್ಲದರ ಮುಂದೆ 'ಮಸ್ಟ್' ಎಂದು ಬರೆದು ಕಳಿಸಿದ್ದಾರೆ. ಏನು ಮಾಡಲಿ?
— ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ಸಾಹೇಬರೇ ಮೊದಲಿಗರೇನಲ್ಲ. ಗೊತ್ತಿಲ್ಲದವರಿಗೆ ಒಂದು ಮಾತು: 1994ರಲ್ಲಿ ಒರೇಕಲ್‌ನಲ್ಲಿದ್ದ ಡೈ ಕ್ಲೆಗ್ ಎಂಬವರು ಮಾಡಿದ ವಿಂಗಡಣೆ ಇದು. ಇರಲೇಬೇಕು (ಮಸ್ಟ್), ಇದ್ದರೆ ಒಳ್ಳೇದು, ಸಾಧ್ಯವಾದರೆ ನೋಡೋಣ, ಈ ಸಲ ಇಲ್ಲ ಎಂದು ನಾಲ್ಕು ಬುಟ್ಟಿ. ಆಮೇಲೆ ಇದನ್ನು ಬಳಕೆಗೆ ತಂದ, ಡಿಎಸ್‌ಡಿಎಂ ಎಂಬ ತಂತ್ರಾಂಶ ಕಟ್ಟುವ ಪದ್ಧತಿಯವರು ಒಂದು ಮಿತಿ ಹಾಕಿದರು. ಒಟ್ಟು ಶ್ರಮದಲ್ಲಿ ಶೇಕಡಾ 60ಕ್ಕಿಂತ ಜಾಸ್ತಿ 'ಇರಲೇಬೇಕು' ಬುಟ್ಟಿಗೆ ಹೋಗಬಾರದು. ಮಿಕ್ಕಿದ್ದು ಏರುಪೇರಾದರೆ ಕೈಬಿಡಲು ಇರುವ ಜಾಗ. ಈ 60ರ ಮಾತನ್ನು ಸಾಹೇಬರ ಮುಂದಿಡಿ. ವಾದ ಮಾಡುವುದಕ್ಕಿಂತ ಅಂಕಿ ಲೇಸು.

ಅದಕ್ಕೂ ಬಗ್ಗದಿದ್ದರೆ ಒಂದೊಂದರ ಮುಂದೆ ಒಂದೇ ಪ್ರಶ್ನೆ ಕೇಳಿ: 'ಇದೊಂದು ತಯಾರಿಲ್ಲ ಅಂತ ಬಿಡುಗಡೆಯ ದಿನ ಮುಂದೂಡ್ತೀರಾ?' ಹೌದು ಅಂದರೆ ಮಸ್ಟ್. ಹಿಂದೆಮುಂದೆ ನೋಡಿದರೆ ಅಲ್ಲ. ಉದಾಹರಣೆಗೆ ಶುರುವಾಗುವ ಸಮಯ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ನಿಮ್ಮ ಸೈಟ್ ನೋಡಿಕೊಂಡು ಬನಶಂಕರಿಯಿಂದ ಟ್ರಾಫಿಕ್ಕಿನಲ್ಲಿ ಬಂದವರು ತಪ್ಪು ಸಮಯದಿಂದಾಗಿ ಬಾಗಿಲಾಚೆ ನಿಂತರೆ ಅವರ ಸಂಜೆಯೂ ಹೋಯಿತು, ನಿಮ್ಮ ಹೆಸರೂ ಹೋಯಿತು. ಸಮಯ ಖಚಿತಪಡಿಸುವ ಏರ್ಪಾಡು ಮಸ್ಟ್. ರಂಗಮಂದಿರದ ಒಳಗಿನ ಫೋಟೊಗಳು? ಯಾರೂ ಅದಕ್ಕೋಸ್ಕರ ದಿನ ಮುಂದೂಡುವುದಿಲ್ಲ.

ಕೆಲವು ಸಂಗತಿ ಮಸ್ಟ್ ಅಲ್ಲದಿದ್ದರೂ ಒಂದೇ ಸಂಜೆಯ ಕೆಲಸ, ಸುಮ್ನೆ ಮಾಡಿಬಿಡಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಜನ ಇವತ್ತಿಗೂ ಬ್ಯಾಂಗಲೋರ್ ಎಂದೂ ಟೈಪ್ ಮಾಡುತ್ತಾರೆ, ಬೆಂಗಳೂರು ಎಂದೂ ಮಾಡುತ್ತಾರೆ. ಎರಡಕ್ಕೂ ಒಂದೇ ಉತ್ತರ ಸಿಗುವ ಹಾಗೆ ಸಣ್ಣದೊಂದು ಪಟ್ಟಿ ಇಟ್ಟರೆ ಮುಗಿಯಿತು. ಇಂಥದ್ದಕ್ಕೆ ಮೀಟಿಂಗ್ ಕರೆಯುವ ಖರ್ಚೇ ಮಾಡುವ ಖರ್ಚಿಗಿಂತ ಜಾಸ್ತಿ.

ಪ್ರಶ್ನೆ: ಇಲ್ಲಿನ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಕ್ಕೆ ಒಂದು ಸಣ್ಣ ಆಪ್ ಮಾಡಲು ಸಮಿತಿ ನನಗೆ ಹೇಳಿದೆ. ವಾರಾಂತ್ಯದಲ್ಲಿ ಮಾತ್ರ ಸಮಯ ಸಿಗುತ್ತದೆ. ಬರುವವರ ನೋಂದಣಿ, ಹಣ ಪಾವತಿ, ಮಕ್ಕಳ ಕಾರ್ಯಕ್ರಮದ ಪಟ್ಟಿ, ಊರಿನ ಕಲಾವಿದರ ಆನ್‌ಲೈನ್ ಭಾಗ ಎಲ್ಲ ಬೇಕಂತೆ.
— ನ್ಯೂಜೆರ್ಸಿ, ಅಮೆರಿಕ

ಉತ್ತರ: ಉಡುಪಿಯವರಿಗೆ ದಂಡ ಎಂದ ಬಟನ್ ನಿಮಗೆ ಮೊದಲು ಬೇಕು. ನಿಮ್ಮಲ್ಲಿ ಹಾಲ್ ಬಾಡಿಗೆಯದು, ಕುರ್ಚಿ ಲೆಕ್ಕದ್ದು, ಊಟ ಮೊದಲೇ ಹೇಳಬೇಕು. ಬರೀ 'ಬರ್ತೀನಿ' ಸಾಲದು, 'ದೊಡ್ಡವರು ಎಷ್ಟು, ಮಕ್ಕಳು ಎಷ್ಟು' ಎಂದು ಕೇಳಿ. ಒಂದು ಕೊನೆಯ ದಿನ ಇಡಿ. ಆ ದಿನ ಊಟದವರಿಗೆ ಕಳಿಸುವ ಅಂಕಿ ಒಂದೇ ಒತ್ತಿನಲ್ಲಿ ಸಿಗಬೇಕು. ನಿಮ್ಮ ಆಪ್ ಇರುವುದೇ ಆ ಒಂದು ಅಂಕಿಗಾಗಿ ಅಂದುಕೊಳ್ಳಿ, ಉಳಿದದ್ದರ ಜಾಗ ತಾನಾಗೇ ಗೊತ್ತಾಗುತ್ತದೆ.

ಹಣ ಈಗ ಹೇಗೆ ಬರುತ್ತಿದೆಯೋ ಹಾಗೇ ಬರಲಿ. ಪಾವತಿ ವ್ಯವಸ್ಥೆ ಕಟ್ಟಲು ಹೋದರೆ ವಾಪಸು ಕೊಡುವುದು, ಲೆಕ್ಕ ತಾಳೆ ನೋಡುವುದು ಎಲ್ಲ ನಿಮ್ಮ ತಲೆಗೆ ಬಂದು ನಿಮ್ಮ ವಾರಾಂತ್ಯಗಳು ಅಲ್ಲೇ ಮುಗಿಯುತ್ತವೆ. ಖಜಾಂಚಿಗೆ 'ಹಣ ಬಂದಿದೆ' ಎಂದು ಗುರುತು ಹಾಕುವ ಒಂದು ಚೌಕ ಕೊಡಿ, ಸಾಕು. ಮಕ್ಕಳ ಹೆಸರಿನ ಪಟ್ಟಿ ಸಮಿತಿಗೆ ಮಾತ್ರ ಕಾಣಲಿ, ಎಲ್ಲರಿಗೂ ತೆರೆದಿಡಬೇಡಿ.

ನಿಮಗೆ ನಿಜವಾಗಿ ಕೈಕೊಡುವುದು ಸಮಯ. ಯುಗಾದಿ ಬರುವುದು ಮಾರ್ಚ್-ಏಪ್ರಿಲ್‌ನಲ್ಲಿ, ಅಮೆರಿಕದ ಗಡಿಯಾರ ಮುಂದೆ ಹೋಗುವುದು ಮಾರ್ಚ್‌ನ ಎರಡನೇ ಭಾನುವಾರ. ಚಳಿಗಾಲದಲ್ಲಿ ನಿಮಗೂ ಊರಿಗೂ ಹತ್ತೂವರೆ ಗಂಟೆ ವ್ಯತ್ಯಾಸ, ಅದಾದ ಮೇಲೆ ಒಂಬತ್ತೂವರೆ. ಫೆಬ್ರವರಿಯಲ್ಲಿ ಕೂತು 'ಹತ್ತೂವರೆ ಗಂಟೆ ಸೇರಿಸು' ಎಂದು ಕೋಡ್‌ನಲ್ಲಿ ಬರೆದಿಟ್ಟರೆ ಕಾರ್ಯಕ್ರಮದ ದಿನ ಮೈಸೂರಿನ ಗಾಯಕರು ಒಂದು ಗಂಟೆ ತಡವಾಗಿ ಬಂದು ಕೂರುತ್ತಾರೆ. ಅಂತರವನ್ನು ಉಳಿಸಬೇಡಿ. 'ಅಮೆರಿಕ, ನ್ಯೂಯಾರ್ಕ್' ಎಂಬ ಸಮಯವಲಯದ ಹೆಸರು ಉಳಿಸಿ, ಲೆಕ್ಕವನ್ನು ಸಿದ್ಧ ಕೋಡ್ ಲೈಬ್ರರಿ ಮಾಡಲಿ. ಪುಟದಲ್ಲಿ ಎರಡೂ ಕಡೆಯ ಸಮಯ ತೋರಿಸಿ.

ಕ್ಯಾಲೆಂಡರಿಗೆ ಸೇರಿಸುವ ಬಟನ್ ಸುಲಭ. ಐಕ್ಯಾಲೆಂಡರ್ ಎಂಬ ಮಾನದಂಡ 1998ರಿಂದ ಇದೆ, 2009ರಲ್ಲಿ ಪರಿಷ್ಕರಿಸಿದ್ದಾರೆ, ಗೂಗಲ್, ಆಪಲ್, ಔಟ್‌ಲುಕ್ ಎಲ್ಲವೂ ಓದುತ್ತವೆ. ಒಂದು ಕಾರ್ಯಕ್ರಮಕ್ಕೆ ಒಂದೇ ಗುರುತಿನ ಸಂಖ್ಯೆ ಇರಲಿ, ತಿದ್ದಿದಾಗ ಅದೇ ಇರಲಿ. ಇಲ್ಲದಿದ್ದರೆ ಒಂದೇ ಯುಗಾದಿ ಎರಡು ಸಲ ಕೂರುತ್ತದೆ. ಇಳಿಸಿಕೊಂಡ ಫೈಲ್ ತಾನಾಗಿ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ. ಹಾಲ್ ಬದಲಾದರೆ ಇಮೇಲ್ ಕಳಿಸಲೇಬೇಕು.

ಪ್ರಶ್ನೆ: ಒಟಿಪಿ ಲಾಗಿನ್ ಇಲ್ಲದೆ ಬಿಟ್ಟರೆ ಜನ ನಮ್ಮನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರಾ?
— ಶಿವಮೊಗ್ಗ

ಉತ್ತರ: ನೋಡುವವರಿಗೆ ಲಾಗಿನ್ ಯಾಕೆ? ಗೋಡೆ ಮೇಲಿನ ಪೋಸ್ಟರ್ ಓದಲು ಯಾರೂ ನಂಬರ್ ಕೊಡುವುದಿಲ್ಲ. ಹಾಕುವವರಿಗೆ ಮಾತ್ರ ಇರಲಿ, ಅದೂ ಗೂಗಲ್ ಲಾಗಿನ್ನೋ ಇಮೇಲ್‌ಗೆ ಬರುವ ಲಿಂಕೋ ಸಾಕು. ಎಸ್ಸೆಮ್ಮೆಸ್ ಒಟಿಪಿ ಅಂದರೆ ಪ್ರತಿ ಸಂದೇಶಕ್ಕೂ ದುಡ್ಡು. ಜೊತೆಗೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆಯನ್ನೂ ಸಂದೇಶದ ಮಾದರಿಯನ್ನೂ ನೋಂದಾಯಿಸಬೇಕು. ಒಬ್ಬಿಬ್ಬರು ಮಾಡುವ ಆಪ್‌ಗೆ ಇದು ಮೊದಲ ತಿಂಗಳ ಕೆಲಸವಲ್ಲ. ಇನ್ನೊಂದು ಕಾರಣವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರ ಒಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಲೇಜು ಹುಡುಗರ ನಂಬರ್‌ಗಳನ್ನು ಕಾರಣವಿಲ್ಲದೆ ಗುಡ್ಡೆ ಹಾಕಿಕೊಂಡು ಆಮೇಲೆ ಅದನ್ನು ಕಾಯುವ ಕೆಲಸ ಯಾಕೆ ಬೇಕು?

ಪ್ರಶ್ನೆ: ಬಳಕೆದಾರರ ಸಮೀಕ್ಷೆ ಮಾಡಿದೆವು. ಎಲ್ಲರೂ ಎಲ್ಲ ಫೀಚರ್‌ಗೂ 'ಬೇಕು' ಅಂದಿದ್ದಾರೆ. ಈಗ?
— ದಾವಣಗೆರೆ

ಉತ್ತರ: 'ಬೇಕಾ?' ಎಂದು ಕೇಳಿದರೆ ಬೇಡ ಅನ್ನುವವರು ಯಾರು? ಜಪಾನಿನ ನೊರಿಯಾಕಿ ಕಾನೊ 1984ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ರತಿ ಫೀಚರ್‌ಗೂ ಎರಡು ಪ್ರಶ್ನೆ ಇರುತ್ತದೆ. ಇದ್ದರೆ ಹೇಗನ್ನಿಸುತ್ತದೆ, ಇಲ್ಲದಿದ್ದರೆ ಹೇಗನ್ನಿಸುತ್ತದೆ. ಇಲ್ಲದಿದ್ದರೆ ಸಿಟ್ಟು ಬರುತ್ತದೆ, ಇದ್ದರೆ ಏನೂ ಅನ್ನಿಸುವುದಿಲ್ಲ ಅಂದರೆ ಅದು ಬುಡ. ಸರಿಯಾದ ದಿನಾಂಕ ಅಂಥದ್ದು, ಅದಕ್ಕೆ ಯಾರೂ ಹೊಗಳುವುದಿಲ್ಲ. ಇದ್ದರೆ ಖುಷಿ, ಇಲ್ಲದಿದ್ದರೂ ಪರವಾಗಿಲ್ಲ ಅಂದರೆ ಅದು ಆಮೇಲಿನದು. ನಿಮ್ಮ ಸಮೀಕ್ಷೆಯನ್ನು ಹೀಗೆ ಇನ್ನೊಮ್ಮೆ ಮಾಡಿ, ಈ ಸಲ ಕಾರ್ಯಕ್ರಮ ಮಾಡಿಸುವವರನ್ನೂ ಕೇಳಿ. ನೀವು ಕಳಿಸಿದ ಹಾಳೆಯಲ್ಲಿ ಅವರು ಒಬ್ಬರೂ ಇಲ್ಲ. ತಲುಪುವ ಜನ, ಪರಿಣಾಮ, ನಂಬಿಕೆ, ಶ್ರಮ ಎಂದು ಅಂಕ ಹಾಕುವ ರೈಸ್ ಸೂತ್ರದ ಬಗ್ಗೆಯೂ ಕೇಳಿದ್ದೀರಿ. ಬಳಕೆಯ ಅಂಕಿಅಂಶ ಕೈಯಲ್ಲಿದ್ದವರಿಗೆ ಅದು ಚೆನ್ನ. ನಿಮ್ಮ ಹಾಗೆ ಇನ್ನೂ ಶುರುವೇ ಆಗದವರು ಹಾಕುವ ಅಂಕಗಳು ತಮಗಿಷ್ಟವಾದ್ದನ್ನು ಮೇಲೆ ತರಲು ಹಾಕಿದ ಅಂಕಗಳೇ ಆಗಿರುತ್ತವೆ.

ಪ್ರಶ್ನೆ: ಪ್ರತಿ ವರ್ಷ ಬರುವ ಜಾತ್ರೆಗಳನ್ನು ಒಂದು ಸಲ ಹಾಕಿದರೆ ತಾನಾಗೇ ಮುಂದಿನ ವರ್ಷವೂ ಬರುವ ಹಾಗೆ ಮಾಡಬೇಕೆಂದಿದ್ದೇವೆ. ಇದು ಮೊದಲ ಆವೃತ್ತಿಗೇ ಬೇಕಲ್ಲವೇ?
— ಶಿರಸಿ

ಉತ್ತರ: ಶಿರಸಿಯವರು ಈ ಪ್ರಶ್ನೆ ಕೇಳಬೇಕಾ! ನಿಮ್ಮ ಮಾರಿಕಾಂಬಾ ಜಾತ್ರೆಯೇ ಎರಡು ವರ್ಷಕ್ಕೊಮ್ಮೆ. ಬೆಂಗಳೂರಿನ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ಇವು ಕೂರುವುದಿಲ್ಲ. ಬೇರೆ ಪಂಚಾಂಗಗಳ ಪ್ರಕಾರ ಮರುಕಳಿಸುವ ದಿನಗಳಿಗೆ 2015ರಲ್ಲಿ ಐಕ್ಯಾಲೆಂಡರ್‌ಗೆ ಒಂದು ವಿಸ್ತರಣೆ ಬಂದಿದೆ, ಆದರೆ ಜನ ದಿನಾ ಬಳಸುವ ಕ್ಯಾಲೆಂಡರ್‌ಗಳು ಅದನ್ನು ಓದುತ್ತವೆ ಎಂದು ನೆಚ್ಚಿಕೊಂಡು ಕಟ್ಟಬೇಡಿ. ಪಂಚಾಂಗ ಲೆಕ್ಕ ಹಾಕುವ ಕೋಡ್ ಬರೆಯಲು ಕೂತರೆ ಅದೇ ಒಂದು ಬೇರೆ ಯೋಜನೆ. 'ಕಳೆದ ಸಲದ್ದನ್ನು ನಕಲು ಮಾಡು' ಎಂಬ ಬಟನ್ ಕೊಡಿ. ದಿನಾಂಕ ದೇವಸ್ಥಾನದವರು ಘೋಷಿಸಿದ ಮೇಲೆ ಯಾರಾದರೂ ಕೈಯಲ್ಲೇ ಹಾಕಲಿ. ಯಂತ್ರ ಊಹಿಸಿದ ದಿನಾಂಕ ನಂಬಿ ಜನ ಬಸ್ ಹತ್ತಬಾರದು.

ಪ್ರಶ್ನೆ: ಇದನ್ನೆಲ್ಲ ನಾವೇ ಕಟ್ಟಬೇಕಾ? ಕಟ್ಟಿದ್ದು ಎಷ್ಟು ದಿನ ನಡೆಯುತ್ತೆ?
— ಮೈಸೂರು

ಉತ್ತರ: ಕಟ್ಟದೆ ಆಗುವುದಾದರೆ ಕಟ್ಟಬೇಡಿ. ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆ 2020ರಲ್ಲಿ ಬಿಟ್ಟ ಮೊಬಿಲಿಝಾನ್ ಎಂಬ ಮುಕ್ತ ತಂತ್ರಾಂಶ ಇದೇ ಕೆಲಸಕ್ಕೆ ಇರುವುದು, ನಿಮ್ಮ ಸರ್ವರಿನಲ್ಲೇ ಹಾಕಿಕೊಳ್ಳಬಹುದು. ಮೊದಲು ಅದನ್ನು ನೋಡಿ, ಅದರಲ್ಲಿ ಆಗದ್ದು ಏನೆಂದು ಬರೆದುಕೊಳ್ಳಿ. ನಿಮ್ಮ ನಿಜವಾದ ಪಟ್ಟಿ ಅದೇ.

ಎಷ್ಟು ದಿನ ಎಂಬುದಕ್ಕೆ ಒಂದು ಕಥೆ. ಕಾರ್ಯಕ್ರಮ ಹಂಚಿಕೊಳ್ಳುವ ಮೊದಮೊದಲ ಸೈಟ್‌ಗಳಲ್ಲಿ ಅಮೆರಿಕದ ಅಪ್‌ಕಮಿಂಗ್ ಒಂದು. 2003ರಲ್ಲಿ ಶುರುವಾಯಿತು, 2005ರಲ್ಲಿ ಯಾಹೂ ಕೊಂಡಿತು, 2013ರಲ್ಲಿ ಮುಚ್ಚಿತು. ಜನ ವರ್ಷಗಟ್ಟಲೆ ತುಂಬಿದ ಮಾಹಿತಿ ಅದರಲ್ಲಿತ್ತು. ನಿಮ್ಮದೂ ಒಂದು ದಿನ ನಿಲ್ಲಬಹುದು. ಹಾಕಿದವರು ತಮ್ಮ ಕಾರ್ಯಕ್ರಮಗಳನ್ನು ಒಂದು ಫೈಲಾಗಿ ಇಳಿಸಿಕೊಳ್ಳುವ ಬಟನ್ ಮೊದಲ ವರ್ಷದಲ್ಲೇ ಇರಲಿ. ಮಾಡಲು ಅರ್ಧ ದಿನ ಸಾಕು.

ಪ್ರಶ್ನೆ: ಡಾರ್ಕ್ ಮೋಡ್ ಯಾವ ಬುಟ್ಟಿಗೆ?
— ಹುಬ್ಬಳ್ಳಿ

ಉತ್ತರ: ಯಾವ ಬುಟ್ಟಿಗೂ ಬೇಡ. ಫೋನಿನ ಸೆಟ್ಟಿಂಗ್ ನೋಡಿ ಬಣ್ಣ ಬದಲಿಸುವುದು ಪುಟದ ಅಂದ ತೀರ್ಮಾನಿಸುವ ಸಿಎಸ್‌ಎಸ್‌ನ ಕೆಲವು ಸಾಲು. ತಂಡದಲ್ಲಿ ಅದರ ಹುಚ್ಚು ಇರುವವರು ಭಾನುವಾರ ಕೂತು ಮಾಡಲಿ. ಪೋಸ್ಟರ್‌ನ ಬಣ್ಣ ಮಾತ್ರ ತಿರುಗಿಸಬೇಡಿ ಅನ್ನಿ, ಮುಖಗಳು ನೀಲಿಯಾಗುತ್ತವೆ.